ಶಾಲೆಯಲ್ಲಿ ಕೊಡುವ ಹಾಲು ಯಾವ ಕಾನೂನಿನಡಿ ಬರುತ್ತದೆ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಕಾಪು ಬಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯೆ. ಮಗ ಅಲ್ಲಿಯೇ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಯಲ್ಲಿ ಪುಡಿಯಿಂದ ಮಾಡಿದ ಹಾಲು ಕೊಡುತ್ತಾರೆ. ಕೆಲವು ದಿನ ಅದು ತೀರಾ ನೀರಾಗಿರುತ್ತದೆ. ನಮ್ಮ ಊರಿನಲ್ಲೇ ಹಾಲಿನ ಸೊಸೈಟಿ ಇರುವಾಗ ಪುಡಿಯ ಹಾಲು ಕೊಡುವುದು ಕಾನೂನಿಗೆ ಸರಿಯೇ? ಸೊಸೈಟಿಯಿಂದಲೋ ನೆರೆಮನೆಯ ಹಟ್ಟಿಯಿಂದಲೋ ಹಾಲು ತರಿಸಬಹುದೇ? ಲ್ಯಾಕ್ಟೋಮೀಟರ್ ತಂದು ನಾವೇ ಪರೀಕ್ಷೆ ಮಾಡೋಣ ಎಂದು ಸಭೆಯಲ್ಲಿ ಮಾತಾಗಿದೆ. ಮಗನಿಗೆ ಹಾಲು ಕುಡಿದರೆ ಹೊಟ್ಟೆನೋವು. ಆದರೂ ಕುಡಿಯಲೇಬೇಕು ಎನ್ನುತ್ತಾರಂತೆ. ಮಗಳು ಪೇಟೆಯ ಖಾಸಗಿ ಶಾಲೆಯ ಕ್ಯಾಂಟೀನಿನಲ್ಲಿ ಬಾಟಲಿಯ ಬಾದಾಮಿ ಹಾಲು ಕುಡಿಯುತ್ತಾಳೆ. ಐರ್ಲೆಂಡಿನಲ್ಲಿರುವ ನನ್ನ ನಾದಿನಿ, ಅಲ್ಲಿ ಶಾಲೆಯ ಹಾಲಿಗೆ ಯುರೋಪಿನ ಕಾನೂನೇ ಇದೆ ಎನ್ನುತ್ತಾಳೆ. ನಮ್ಮಲ್ಲಿ ಏನಿದೆ?

ಉತ್ತರ: ತಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಮಗುವಿಗೆ ಹಾಲು ಸಿಗಲೇಬೇಕು ಎಂಬ ಹಕ್ಕು ಎಲ್ಲಿಂದ ಬರುತ್ತದೆ ಎಂಬುದು ಒಂದು. ಸಿಕ್ಕಿದ ಹಾಲು ಹೇಗಿರಬೇಕು ಎಂಬುದನ್ನು ಯಾವ ಕಾನೂನು ನಿರ್ಧರಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯ ವಿಷಯದಲ್ಲಿ ನಮ್ಮ ಕಾನೂನು ಜನ ತಿಳಿದಿರುವುದಕ್ಕಿಂತ ದುರ್ಬಲವಾಗಿದೆ, ಎರಡನೆಯದರಲ್ಲಿ ತಿಳಿದಿರುವುದಕ್ಕಿಂತ ಗಟ್ಟಿಯಾಗಿದೆ. ದೂರು ಎಲ್ಲಿ ಕೊಡಬೇಕು, ಯಾವ ಮಾತಿನಲ್ಲಿ ಕೊಡಬೇಕು ಎಂಬುದು ಈ ವ್ಯತ್ಯಾಸದ ಮೇಲೆಯೇ ನಿಂತಿರುವುದರಿಂದ ಅದನ್ನು ಮೊದಲು ಬಿಡಿಸಿ ಹೇಳುತ್ತೇನೆ.

ಮಧ್ಯಾಹ್ನದ ಬಿಸಿಯೂಟ ಕಾಯ್ದೆಬದ್ಧ ಹಕ್ಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು; ಕರ್ನಾಟಕದಲ್ಲಿ ಅಕ್ಷರ ದಾಸೋಹ ಆ ಬಳಿಕ ಬಂತು. ಮುಂದೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೆಯ ಕಲಂ, ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ರಜಾದಿನಗಳನ್ನು ಬಿಟ್ಟು ಪ್ರತಿದಿನ ಉಚಿತವಾಗಿ ಒಂದು ಹೊತ್ತಿನ ಊಟವನ್ನು ಹಕ್ಕಾಗಿ ಕೊಟ್ಟಿತು. ಕಿರಿಯ ಪ್ರಾಥಮಿಕ ಮಕ್ಕಳಿಗೆ 450 ಕಿಲೋ ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕ ಮಕ್ಕಳಿಗೆ 700 ಕಿಲೋ ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಎಂದು ಅದರ ಎರಡನೆಯ ಅನುಸೂಚಿ ಅಳತೆಯನ್ನೂ ಹಾಕಿಕೊಟ್ಟಿತು. 2015ರ ಮಧ್ಯಾಹ್ನ ಉಪಾಹಾರ ನಿಯಮಗಳ ಪ್ರಕಾರ ಧಾನ್ಯವಿಲ್ಲ, ಗ್ಯಾಸ್ ಇಲ್ಲ, ಅಡುಗೆಯವರು ಬಂದಿಲ್ಲ ಎಂಬ ಕಾರಣಕ್ಕೆ ಊಟ ತಪ್ಪಿದರೆ ಆ ದಿನದ ಆಹಾರ ಭದ್ರತಾ ಭತ್ಯೆಯನ್ನು ಮಗುವಿಗೆ ಕೊಡಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ನಿಂತರೆ ಯಾರು ಹೊಣೆ ಎಂಬುದನ್ನು ರಾಜ್ಯ ಸರಕಾರ ಗೊತ್ತುಮಾಡಬೇಕು.

ಹಾಲು ಈ ಯಾವುದರ ಒಳಗೂ ಇಲ್ಲ. ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ರಾಜ್ಯ ಸರಕಾರ ತನ್ನ ಆದೇಶದಿಂದ, ತನ್ನ ಹಣದಿಂದ ಆರಂಭಿಸಿದ ಯೋಜನೆ. ಮೊದಲು ವಾರಕ್ಕೆ ಮೂರು ದಿನ ಇದ್ದದ್ದು 2017ರಲ್ಲಿ ಐದು ದಿನವಾಯಿತು. 2024ರ ಫೆಬ್ರವರಿಯಿಂದ ವಾರದಲ್ಲಿ ಮೂರು ದಿನ ಹಾಲಿನ ಜತೆ ರಾಗಿ ಮಾಲ್ಟ್ ಬೆರೆಸಿ ಕೊಡುವ ಕ್ರಮವೂ ಬಂತು. ಆಹಾರ ಭದ್ರತಾ ಕಾಯ್ದೆಯ 32ನೆಯ ಕಲಂ, ಕಾಯ್ದೆ ಹೇಳಿರುವುದಕ್ಕಿಂತ ಹೆಚ್ಚಿನದನ್ನು ರಾಜ್ಯಗಳು ಸ್ವಂತ ಸಂಪನ್ಮೂಲದಿಂದ ಕೊಡಬಹುದು ಎನ್ನುತ್ತದೆ. ‘ಕೊಡಬಹುದು’ ಅಷ್ಟೇ, ‘ಕೊಡಬೇಕು’ ಅಲ್ಲ. ಹಾಗಾಗಿ ಪುಡಿಯ ಸರಬರಾಜು ನಿಂತು ಹದಿನೈದು ದಿನ ಹಾಲು ಸಿಗದಿದ್ದರೆ ಊಟಕ್ಕೆ ಸಿಗುವಂಥ ಭತ್ಯೆಯನ್ನು ಕೇಳಲು ಕಾಯ್ದೆಯ ಆಧಾರವಿಲ್ಲ. ಸರಕಾರ ತನ್ನದೇ ಆದೇಶವನ್ನು ಪಾಲಿಸುತ್ತಿಲ್ಲ ಎಂದು ಆಡಳಿತಾತ್ಮಕವಾಗಿ ದೂರಬಹುದು, ಮತ್ತು ಅಂಥ ದೂರನ್ನು ಖಂಡಿತ ಕೊಡಬೇಕು.

ತಮ್ಮ ನಾದಿನಿಯವರ ಮಾತು ಸರಿ. ಯುರೋಪಿಯನ್ ಒಕ್ಕೂಟದ 1308/2013 ಸಂಖ್ಯೆಯ ನಿಯಮಾವಳಿಯು ಕುಡಿಯುವ ಹಾಲಿನ ವ್ಯಾಖ್ಯೆ ಮತ್ತು ಶಾಲೆಗಳಿಗೆ ಹಾಲು, ಹಣ್ಣು ಹಂಚುವ ಯೋಜನೆ ಎರಡನ್ನೂ ಒಂದೇ ಕಡೆ ಇಟ್ಟಿದೆ. ಅಲ್ಲಿ ಪೂರ್ಣ ಹಾಲು ಎನ್ನಿಸಿಕೊಳ್ಳಲು ಕನಿಷ್ಠ 3.5 ಶೇಕಡಾ ಕೊಬ್ಬು ಇರಬೇಕು, ಅರೆಕೆನೆ ತೆಗೆದದ್ದಕ್ಕೆ 1.5ರಿಂದ 1.8, ಪೂರ್ತಿ ಕೆನೆ ತೆಗೆದದ್ದಕ್ಕೆ 0.5ಕ್ಕಿಂತ ಹೆಚ್ಚಿರಬಾರದು. ಹಣ್ಣು ಮತ್ತು ಹಾಲಿನ ಪ್ರತ್ಯೇಕ ಯೋಜನೆಗಳು 2017ರ ಆಗಸ್ಟ್‌ನಿಂದ ಒಂದಾಗಿವೆ. ಶಾಲಾ ಹಂಚಿಕೆಯಲ್ಲಿ ಕುಡಿಯುವ ಹಾಲು ಮತ್ತು ಅದರ ಲ್ಯಾಕ್ಟೋಸ್ (ಹಾಲಿನಲ್ಲೇ ಇರುವ ಸಕ್ಕರೆ) ತೆಗೆದ ರೂಪಕ್ಕೆ ಆದ್ಯತೆ. ಆದರೆ ಅಲ್ಲಿಯೂ ಯೋಜನೆಗೆ ಸೇರುವುದು ಬಿಡುವುದು ಶಾಲೆಯ ಇಚ್ಛೆ. ಕಾಯ್ದೆಯಲ್ಲಿದೆ ಎಂದ ಮಾತ್ರಕ್ಕೆ ಹಾಲು ಶಾಶ್ವತವೂ ಅಲ್ಲ: ಬ್ರಿಟನ್ 1946ರಲ್ಲಿ ಶಾಲಾ ಹಾಲಿಗೆಂದೇ ಕಾಯ್ದೆ ಮಾಡಿ 18 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ದಿನಕ್ಕೆ ಮೂರನೆಯ ಒಂದು ಪಿಂಟ್, ಅಂದರೆ ಸುಮಾರು 190 ಮಿಲಿಲೀಟರ್ ಉಚಿತ ಹಾಲು ಕೊಟ್ಟಿತು, 1968ರಲ್ಲಿ ಪ್ರೌಢಶಾಲೆಗಳಿಗೆ, 1971ರಲ್ಲಿ ಏಳು ವರ್ಷ ದಾಟಿದವರಿಗೆ ಅದನ್ನು ನಿಲ್ಲಿಸಿತು. ಒಂದು ವ್ಯತ್ಯಾಸ ಮಾತ್ರ ಗಮನಿಸತಕ್ಕದ್ದು. ಅಲ್ಲಿ ನಿಲ್ಲಿಸುವುದಕ್ಕೂ ಸಂಸತ್ತಿನ ಕಾಯ್ದೆ ಬೇಕಾಯಿತು, ಊರೆಲ್ಲ ಚರ್ಚೆಯಾಯಿತು. ನಮ್ಮಲ್ಲಿ ಒಂದು ಸುತ್ತೋಲೆ ಸಾಕು. ನನ್ನ ಅಭಿಪ್ರಾಯದಲ್ಲಿ ಹತ್ತು ವರ್ಷ ಮೀರಿ ನಡೆದಿರುವ ಯೋಜನೆಯೊಂದಕ್ಕೆ ಇಷ್ಟು ತೆಳುವಾದ ಆಧಾರ ಸಾಲದು.

ಇನ್ನು ಗುಣಮಟ್ಟದ ವಿಷಯ. ಉಚಿತವಾಗಿ ಕೊಡುವ ಹಾಲಿಗೆ ಅಂಗಡಿಯ ಹಾಲಿನ ಕಾನೂನು ಅನ್ವಯಿಸುವುದಿಲ್ಲ ಎಂದು ಶಾಲೆಗಳಲ್ಲಿ ಕೆಲವರು ನಂಬಿದ್ದಾರೆ. ಅದು ತಪ್ಪು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಆಹಾರ ವ್ಯವಹಾರ ಎಂದರೆ ಲಾಭಕ್ಕಾಗಿ ನಡೆಯಲಿ ನಡೆಯದಿರಲಿ, ಸರಕಾರಿಯಾಗಲಿ ಖಾಸಗಿಯಾಗಲಿ, ಆಹಾರದ ತಯಾರಿ, ಸಂಗ್ರಹ, ಸಾಗಾಟ, ವಿತರಣೆಯ ಯಾವುದೇ ಹಂತದಲ್ಲಿ ತೊಡಗಿರುವ ಎಲ್ಲವೂ ಸೇರುತ್ತದೆ. ಪುಡಿ ತಯಾರಿಸಿದ ಘಟಕ, ಅದನ್ನು ದಾಸ್ತಾನಿಟ್ಟ ಗೋದಾಮು, ಕುದಿಸಿ ಬಡಿಸಿದ ಶಾಲೆಯ ಅಡುಗೆಕೋಣೆ, ಎಲ್ಲವೂ ಈ ವ್ಯಾಖ್ಯೆಯೊಳಗೆ ಬರುತ್ತವೆ. ಅಸುರಕ್ಷಿತ ಆಹಾರದಿಂದ ಯಾರಿಗಾದರೂ ತೀವ್ರ ಹಾನಿಯಾದರೆ ಆರು ವರ್ಷದವರೆಗೆ ಜೈಲು ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡ, ಸಾವು ಸಂಭವಿಸಿದರೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಜೈಲು ಮತ್ತು ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಎಂದು 59ನೆಯ ಕಲಂ ಹೇಳುತ್ತದೆ. ಕೊಟ್ಟದ್ದು ಧರ್ಮಕ್ಕೆ ಎಂಬುದು ಇಲ್ಲಿ ರಕ್ಷಣೆಯಾಗದು.

ಪುಡಿಯಿಂದ ಮಾಡಿದ್ದು ಹಾಲೇ ಎಂಬ ತಮ್ಮ ಸಂದೇಹಕ್ಕೆ ಬರುತ್ತೇನೆ. ಈ ಕಾಯ್ದೆಯಡಿಯ ನಿಯಮಾವಳಿಯಲ್ಲಿ ಹಾಲೆಂದರೆ ಆರೋಗ್ಯವಂತ ಹಾಲು ಕೊಡುವ ಪ್ರಾಣಿಯಿಂದ ಪೂರ್ತಿಯಾಗಿ ಕರೆದ, ಏನನ್ನೂ ಸೇರಿಸದ, ಏನನ್ನೂ ತೆಗೆಯದ, ಗಿಣ್ಣು ಬೆರೆಯದ ಹಾಲು. ಆದರೆ ಅದೇ ನಿಯಮಾವಳಿ ಇದರಾಚೆಗೂ ಹಲವು ಬಗೆಯ ಹಾಲುಗಳಿಗೆ ಹೆಸರು ಮತ್ತು ಅಳತೆ ಕೊಟ್ಟಿದೆ. ಪೂರ್ಣ ಕೆನೆಯ ಹಾಲಿನಲ್ಲಿ 6 ಶೇಕಡಾ ಕೊಬ್ಬು, 9 ಶೇಕಡಾ ಕೊಬ್ಬೇತರ ಘನಾಂಶ, ಅಂದರೆ ಸೊಸೈಟಿಯಲ್ಲಿ ಎಸ್‌ಎನ್‌ಎಫ್ ಎನ್ನುತ್ತಾರಲ್ಲ, ಅದು. ಸ್ಟ್ಯಾಂಡರ್ಡ್ ಹಾಲಿನಲ್ಲಿ 4.5 ಮತ್ತು 8.5; ಟೋನ್ಡ್ ಹಾಲಿನಲ್ಲಿ 3 ಮತ್ತು 8.5, ಡಬಲ್ ಟೋನ್ಡ್‌ನಲ್ಲಿ 1.5 ಮತ್ತು 9. ಹಿಂದೆ ರಾಜ್ಯಕ್ಕೊಂದು ಅಳತೆಯಿದ್ದ ದನದ ಹಾಲಿಗೆ ಈಗ ದೇಶಕ್ಕೆಲ್ಲ ಒಂದೇ ಅಳತೆ, 3.2 ಮತ್ತು 8.3. ಹಾಲಿನ ಕೊಬ್ಬು, ಘನಾಂಶ ಮತ್ತು ನೀರು ಸೇರಿಸಿ ಮರುಜೋಡಿಸಿದ ಹಾಲಿಗೂ ನಿಯಮಾವಳಿಯಲ್ಲಿ ಜಾಗವಿದೆ. ಟೋನ್ಡ್ ಹಾಲಿನ ಘನಾಂಶವನ್ನು ಹೊಂದಿಸಲು ಡೈರಿಗಳು ಪುಡಿ ಬಳಸುವುದಕ್ಕೂ ಅಡ್ಡಿಯಿಲ್ಲ. ಮನೆಯ ಬಾಗಿಲಿಗೆ ಬರುವ ಪ್ಯಾಕೆಟ್ ಹಾಲಿನಲ್ಲಿ ಪುಡಿಯ ಪಾಲು ಇದ್ದರೂ ಅದು ಕಾನೂನುಬದ್ಧ ಹಾಲೇ. ಆದ್ದರಿಂದ ‘ಪುಡಿ ಕಾನೂನುಬಾಹಿರ’ ಎಂಬ ವಾದವನ್ನು ಸಭೆಯಲ್ಲಿ ಎತ್ತಬೇಡಿ, ಅದು ನಿಲ್ಲುವುದಿಲ್ಲ.

ನಿಲ್ಲುವ ವಾದ ಇನ್ನೊಂದಿದೆ, ಅದು ಲೆಕ್ಕದ್ದು. ಕ್ಷೀರಭಾಗ್ಯದ ಅಳತೆ ಮಗುವೊಂದಕ್ಕೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, 10 ಗ್ರಾಂ ಸಕ್ಕರೆ, ಒಟ್ಟು 150 ಮಿಲಿಲೀಟರ್ ಹಾಲು. ಕೆನೆಭರಿತ ಪುಡಿಯಲ್ಲಿ ಕನಿಷ್ಠ 26 ಶೇಕಡಾ ಹಾಲಿನ ಕೊಬ್ಬು ಇರಬೇಕು, ತೇವಾಂಶ 5 ಶೇಕಡಾ ಮೀರಬಾರದು. ಅಂದರೆ 18 ಗ್ರಾಂ ಪುಡಿಯಲ್ಲಿ ಸುಮಾರು 4.7 ಗ್ರಾಂ ಕೊಬ್ಬು, ಹನ್ನೆರಡೂವರೆ ಗ್ರಾಂ ಆಸುಪಾಸಿನಲ್ಲಿ ಕೊಬ್ಬೇತರ ಘನಾಂಶ. ಸಕ್ಕರೆಯನ್ನು ಬದಿಗಿಟ್ಟು 150 ಮಿಲಿಲೀಟರಿಗೆ ಲೆಕ್ಕ ಹಾಕಿದರೆ ಕೊಬ್ಬು 3 ಶೇಕಡಾ, ಘನಾಂಶ 8 ಶೇಕಡಾಕ್ಕಿಂತ ತುಸು ಮೇಲೆ. ಇದು ಅಂಗಡಿಯ ಟೋನ್ಡ್ ಹಾಲಿಗೆ ಬಹಳ ಹತ್ತಿರದ ಹಾಲು. ಅದರಲ್ಲಿ ನಾಲ್ಕೂವರೆ ಗ್ರಾಂನಷ್ಟು ಪ್ರೋಟೀನೂ, ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕೆಂದು ಹೇಳುವ 650 ಮಿಲಿಗ್ರಾಂ ಕ್ಯಾಲ್ಸಿಯಂನಲ್ಲಿ ಸುಮಾರು ಕಾಲು ಭಾಗವೂ ಸಿಗುತ್ತದೆ. ಅದೇ ಪುಡಿಗೆ ನೀರು ಹೆಚ್ಚಿಸಿ 200 ಮಿಲಿಲೀಟರಿನ ಲೋಟ ತುಂಬಿಸಿದರೆ ಕೊಬ್ಬು ಎರಡೂಕಾಲು ಶೇಕಡಾಕ್ಕೆ, ಘನಾಂಶ ಆರಕ್ಕೆ ಇಳಿಯುತ್ತದೆ. ಮಗು ಅಷ್ಟನ್ನೂ ಕುಡಿದರೆ ಪೋಷಕಾಂಶ ಕಳೆದುಹೋಗುವುದಿಲ್ಲ ಎನ್ನುವುದು ನಿಜ. ಪುಡಿಯನ್ನೇ ಕಡಿಮೆ ಹಾಕಿ ನೀರಿನಿಂದ ಲೋಟ ತುಂಬಿಸಿದರೆ ಮಾತ್ರ ಮಗುವಿನ ಪಾಲು ಹೋಯಿತು. ಕುಡಿದವರ ಬಾಯಿಗೆ ಎರಡೂ ಒಂದೇ ರೀತಿ ತೆಳು.

ಇವೆರಡರಲ್ಲಿ ಯಾವುದು ನಡೆಯುತ್ತಿದೆ ಎಂಬುದನ್ನು ತಾವು ಸುಲಭವಾಗಿ ತಿಳಿಯಬಹುದು. ಆ ದಿನ 60 ಮಕ್ಕಳು ಹಾಜರಿದ್ದರೆ ಪುಡಿ 1 ಕಿಲೋ 80 ಗ್ರಾಂ ಖರ್ಚಾಗಬೇಕು, ತಯಾರಾದ ಹಾಲು 9 ಲೀಟರ್ ಇರಬೇಕು. ಹಾಜರಾತಿ ಪುಸ್ತಕ, ಪುಡಿಯ ದಾಸ್ತಾನು ವಹಿ, ಪಾತ್ರೆಯಲ್ಲಿ 9 ಲೀಟರಿಗೆ ಹಾಕಿದ ಒಂದು ಗುರುತು, ಇಷ್ಟು ಸಾಕು. ತೂಕದ ಯಂತ್ರವಿಲ್ಲದಿದ್ದರೆ ನಿಗದಿತ ತೂಕದ ಪುಡಿಗೆ ಒಂದು ಸ್ಟೀಲ್ ಡಬ್ಬಿಯನ್ನು ಅಳತೆಯಾಗಿ ಗೊತ್ತುಮಾಡಿಕೊಳ್ಳಬಹುದು. ವಹಿ ನೋಡುವುದು ಎಸ್‌ಡಿಎಂಸಿಯ ಕೆಲಸವೇ. ಅದನ್ನು ಅನುಮಾನದ ಮಾತಿನಲ್ಲಿ ಕೇಳದೆ ತಿಂಗಳಿಗೊಮ್ಮೆಯ ಕ್ರಮವಾಗಿ ಮಾಡಿದರೆ ಮುಖ್ಯೋಪಾಧ್ಯಾಯರಿಗೂ ಅಡುಗೆಯವರಿಗೂ ಮುಜುಗರವಾಗುವುದಿಲ್ಲ. ಅಳತೆಗಿಂತ ಕಡಿಮೆ ಪುಡಿ ಸರಬರಾಜಾಗಿರುವ ತಿಂಗಳುಗಳಲ್ಲಿ ಅಡುಗೆಯವರೇ ಇದ್ದದ್ದನ್ನು ಎಲ್ಲರಿಗೂ ಹಂಚಲು ನೀರು ಹೆಚ್ಚಿಸಿರಬಹುದು. ಆಗ ದೂರು ಹೋಗಬೇಕಾದ ದಿಕ್ಕೇ ಬೇರೆ.

ಲ್ಯಾಕ್ಟೋಮೀಟರ್ ತರುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅದು ಅಳೆಯುವುದು ದ್ರವದ ಸಾಂದ್ರತೆಯನ್ನು, ಹಾಲಿನ ಅಂಶವನ್ನಲ್ಲ. ಸೊಸೈಟಿಯಲ್ಲಿ ಬೆಳಗ್ಗೆ ತಂದ ಸಪ್ಪೆ ಹಾಲಿಗೆ ಅದು ಒಂದು ಅಂದಾಜು ಕೊಡುತ್ತದೆ. ಸಾಮಾನ್ಯವಾಗಿ ‘ಡಿಗ್ರಿ’ 26ರಿಂದ 32ರ ನಡುವೆ ಇರುತ್ತದೆ. ಶಾಲೆಯ ಹಾಲಿಗೆ ಸಕ್ಕರೆ ಬಿದ್ದಿದೆ, ಮತ್ತು ಸಕ್ಕರೆ ಸಾಂದ್ರತೆಯನ್ನು ಏರಿಸುತ್ತದೆ. 150 ಮಿಲಿಲೀಟರಿಗೆ 10 ಗ್ರಾಂ ಸಕ್ಕರೆ ಸೇರಿದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ತನ್ನ ಪಟ್ಟಿಯ ಅತಿ ದೊಡ್ಡ ಅಂಕಿಯನ್ನೂ ದಾಟಿ ತೇಲುತ್ತದೆ. ಅದೇ 18 ಗ್ರಾಂ ಪುಡಿ ಮತ್ತು 10 ಗ್ರಾಂ ಸಕ್ಕರೆಗೆ ನೀರು ಸೇರಿಸಿ 220 ಮಿಲಿಲೀಟರ್ ಮಾಡಿದರೂ ಅದರ ಡಿಗ್ರಿ ಶುದ್ಧ ಹಾಲಿನದಕ್ಕಿಂತ ಮೇಲೆಯೇ ಇರುತ್ತದೆ. ನೀರು ಬೆರೆಸಿದ್ದನ್ನು ಹಿಡಿಯಬೇಕೆಂದು ಹೊರಟ ತಾವು ಹಾಲು ಚೆನ್ನಾಗಿದೆ ಎಂಬ ಪ್ರಮಾಣಪತ್ರ ಕೊಟ್ಟು ಬಂದಂತಾಗುತ್ತದೆ. ಇದಕ್ಕೆ ಬಿಸಿಹಾಲಿನಲ್ಲಿ ಅದ್ದುವ ತಪ್ಪೂ ಸೇರಿದರೆ ಓದಿದ ಅಂಕಿಗೆ ಅರ್ಥವೇ ಇರುವುದಿಲ್ಲ.

ನೀರಿನ ಪ್ರಮಾಣಕ್ಕಿಂತಲೂ ನನಗೆ ಹೆಚ್ಚು ಚಿಂತೆಯಾಗುವುದು ನೀರಿನ ಮೂಲ ಮತ್ತು ಸಮಯದ ಬಗ್ಗೆ. ಡೈರಿಯಲ್ಲಿ ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಅಥವಾ 72 ಡಿಗ್ರಿಯ ಸುಮಾರಿನಲ್ಲಿ 15 ಸೆಕೆಂಡು ಕಾಯಿಸಿ, ಕೂಡಲೇ 4 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ತಣಿಸುತ್ತಾರೆ. ಪಾಶ್ಚರೀಕರಣ ಎಂದರೆ ಈ ಎರಡೂ ಸೇರಿ. ಪುಡಿ ಡೈರಿಯಿಂದ ಎಷ್ಟೇ ಶುದ್ಧವಾಗಿ ಬಂದಿರಲಿ, ಶಾಲೆಯ ಬಾವಿಯ ನೀರು ಸೇರಿದ ಕ್ಷಣದಿಂದ ಅದರ ಸುರಕ್ಷತೆ ಆ ನೀರಿನ ಸುರಕ್ಷತೆಯಷ್ಟೇ. ನಮ್ಮ ಕರಾವಳಿಯ ಮುರಕಲ್ಲಿನ ತೆರೆದ ಬಾವಿಗಳಿಗೆ ಮಳೆಗಾಲದಲ್ಲಿ ಹೊರಗಿನ ನೀರು ಸುಲಭವಾಗಿ ಇಳಿಯುತ್ತದೆ. ಪುಡಿಯನ್ನು ಮೊದಲು ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ, ಎಲ್ಲವನ್ನೂ ಒಟ್ಟಿಗೆ ಕುದಿ ಬರಿಸಬೇಕು. ಹಲವು ಕಡೆ ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಗಂಟೆ ಹೊಡೆಯುವ ಹೊತ್ತಾಯಿತು, ಮಕ್ಕಳ ಬಾಯಿ ಸುಡುತ್ತದೆ ಎಂದು ಒಂದು ಚೆಂಬು ತಣ್ಣೀರು ಹೊಯ್ದುಬಿಡುತ್ತಾರೆ. ಕುದಿಸಿದ್ದರ ಪ್ರಯೋಜನವೆಲ್ಲ ಆ ಚೆಂಬಿನಲ್ಲಿ ಹೋಯಿತು. ತಣಿಸಬೇಕಾದರೆ ಹಾಲಿನ ಪಾತ್ರೆಯನ್ನು ತಣ್ಣೀರಿನ ದೊಡ್ಡ ಪಾತ್ರೆಯೊಳಗೆ ಇಡಬೇಕು, ಅಥವಾ ಮೊದಲೇ ಕುದಿಸಿ ಆರಿಸಿ ಮುಚ್ಚಿಟ್ಟ ನೀರನ್ನು ಅಳತೆಯ ಲೆಕ್ಕದೊಳಗೇ ಬಳಸಬೇಕು.

ಕಾಯಿಸಿದ ಹಾಲನ್ನು ಗಂಟೆಗಟ್ಟಲೆ ಇಟ್ಟು ಮತ್ತೆ ಬಿಸಿ ಮಾಡಿ ಬಡಿಸುವುದು ಇನ್ನೊಂದು ಅಪಾಯ. ಕೈಯ ಗಾಯದಿಂದಲೋ ಮೂಗಿನಿಂದಲೋ ಹಾಲಿಗೆ ಸೇರುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಸೆಕೆಯಲ್ಲಿ ಬೇಗ ಬೆಳೆಯುತ್ತದೆ. ಅದು ಬಿಡುವ ವಿಷ ಮರುಕುದಿಗೆ ಬಗ್ಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಕುಡಿದ ಕೆಲವೇ ಗಂಟೆಗಳಲ್ಲಿ ಹಲವು ಮಕ್ಕಳಿಗೆ ಒಟ್ಟಿಗೆ ವಾಂತಿಯಾಗುವ ಪ್ರಕರಣಗಳಲ್ಲಿ ಮೊದಲು ಶಂಕಿಸಬೇಕಾದ ಕಾರಣಗಳಲ್ಲಿ ಇದೂ ಒಂದು.

ಮಳೆಗಾಲದ ವಿಷಯ ಬಂದದ್ದರಿಂದ ಪುಡಿಯ ದಾಸ್ತಾನಿನ ಬಗ್ಗೆಯೂ ಹೇಳಬೇಕು. ಆಟಿಯ ತೇವದಲ್ಲಿ ತೆರೆದಿಟ್ಟ ಪ್ಯಾಕೆಟ್ ಎರಡು ಮೂರು ದಿನಕ್ಕೆ ಗಟ್ಟಿಯಾಗುತ್ತದೆ. ಪುಡಿಯಲ್ಲಿರುವ ಲ್ಯಾಕ್ಟೋಸ್ ನೀರನ್ನು ಹೀರಿ ಹರಳಾಗುವುದರಿಂದ ಗಂಟು ಕಟ್ಟುತ್ತದೆ. ಬೆರಳಿನಲ್ಲಿ ಒತ್ತಿದರೆ ಉದುರುವ ಗಂಟು ದೊಡ್ಡ ವಿಷಯವಲ್ಲ. ಕಲ್ಲಿನಂತಾಗಿ, ಬಣ್ಣ ಕಂದಿ, ಹಳೆಯ ಎಣ್ಣೆಯ ಕಮಟು ವಾಸನೆ ಬಂದಿದ್ದರೆ ತೇವಾಂಶ ಮಿತಿ ಮೀರಿದೆ, ಕೊಬ್ಬು ಕೆಟ್ಟಿದೆ ಎಂದೇ ತಿಳಿಯಬೇಕು. ಅವಧಿ ಮುಗಿಯಲು ಇನ್ನೂ ತಿಂಗಳುಗಳಿದ್ದರೂ ಅದನ್ನು ಮಕ್ಕಳಿಗೆ ಕೊಡಬಾರದು. ಅವಧಿಯ ದಿನಾಂಕ ಒಡೆಯದ ಪ್ಯಾಕೆಟ್‌ಗೆ ಅನ್ವಯಿಸುವಂಥದ್ದು.

ಊರಿನ ಹಾಲು ತರಿಸುವ ಪ್ರಶ್ನೆಗೆ ಕಾನೂನು ಅಡ್ಡಿಯಿಲ್ಲ, ಆದರೆ ಷರತ್ತುಗಳಿವೆ. ತನ್ನ ಎಲ್ಲ ಹಾಲನ್ನೂ ಸಹಕಾರಿ ಸಂಘಕ್ಕೆ ಹಾಕುವ ಸದಸ್ಯ ಹೈನುಗಾರರಿಗೆ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿಯಿದೆ. ಅದೇ ಹೈನುಗಾರರು ಶಾಲೆಗೆ ನೇರವಾಗಿ ಮಾರತೊಡಗಿದರೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ದಿನಕ್ಕೆ 500 ಲೀಟರಿನವರೆಗೆ ಹಾಲು ನಿರ್ವಹಿಸುವವರು ಸಣ್ಣ ಆಹಾರ ವ್ಯವಹಾರದ ನೋಂದಣಿ ಪಡೆದರೆ ಸಾಕು, ದೊಡ್ಡ ಪರವಾನಗಿ ಬೇಡ. ಹಣದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಕ್ಷೀರಭಾಗ್ಯದಲ್ಲಿ ಶಾಲೆಗೆ ಬರುವುದು ಪುಡಿಯೇ ಹೊರತು ಹಾಲು ಕೊಳ್ಳುವ ದುಡ್ಡಲ್ಲ, ಹಾಗಾಗಿ ಪುಡಿ ಬಿಟ್ಟು ಹಾಲು ಕೊಳ್ಳುವ ಆಯ್ಕೆ ಎಸ್‌ಡಿಎಂಸಿಗೆ ಇಲ್ಲ. ಹುಟ್ಟುಹಬ್ಬಕ್ಕೋ ಊರಿನ ಉತ್ಸವಕ್ಕೋ ದಾನಿಗಳು ಶಾಲೆಗೆ ವಿಶೇಷ ಆಹಾರ ಕೊಡುವ ತಿಥಿ ಭೋಜನದ ಅವಕಾಶ ಬಿಸಿಯೂಟ ಯೋಜನೆಯಲ್ಲಿದೆ. ಅದರಡಿ ಒಂದು ದಿನದ ಹಾಲನ್ನು ಹೆಚ್ಚುವರಿಯಾಗಿ ಕೊಡಬಹುದು. ಮಂಗಳೂರಿನ ಕುಲಶೇಖರದಲ್ಲಿ ಕೇಂದ್ರ ಕಚೇರಿಯಿರುವ ದಕ್ಷಿಣ ಕನ್ನಡ ಹಾಲು ಒಕ್ಕೂಟವೇ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಸೊಸೈಟಿಗಳ ಹಾಲು ಸಂಗ್ರಹಿಸುತ್ತದೆ. ದಾನಿಗಳು ಸಿದ್ಧರಿದ್ದರೆ ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನೇ ಕೊಡಿಸಿರಿ ಎಂಬುದು ನನ್ನ ಸಲಹೆ. ಸೊಸೈಟಿಯ ಕ್ಯಾನಿನ ಹಾಲು ಹಸಿ ಹಾಲು. ಮನೆಯಲ್ಲಿ ಅರ್ಧ ಲೀಟರ್ ಕಾಯಿಸುವ ಎಚ್ಚರ ಹತ್ತು ಲೀಟರ್ ಕಾಯಿಸುವಾಗ ಎಲ್ಲ ದಿನವೂ ಇರುವುದಿಲ್ಲ. ಹಟ್ಟಿಯ ಹಾಲು ಶುದ್ಧ, ಡೈರಿಯ ಹಾಲು ಕಲಬೆರಕೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಅಪಾಯಕಾರಿ ಕಲಬೆರಕೆ ಕಂಡದ್ದು ಬರೇ 12ರಲ್ಲಿ. ಅದಕ್ಕಿಂತ ಎಷ್ಟೋ ಹೆಚ್ಚಾಗಿ, 5.7 ಶೇಕಡಾ ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಅದು ಯಾರೂ ಬೆರೆಸಿದ್ದಲ್ಲ. ಬೂಸಲು ಹಿಡಿದ ಹಿಂಡಿ, ಬೈಹುಲ್ಲು ತಿಂದ ದನದ ಹಾಲಿನಲ್ಲಿ ತಾನಾಗಿ ಬರುವ ವಿಷ. ಕಾಯಿಸಿದರೆ ಹೋಗುವಂಥದ್ದೂ ಅಲ್ಲ. ಮಳೆಗಾಲದಲ್ಲಿ ಮೇವು ಒಣಗಿಸಿಡುವುದು ಎಷ್ಟು ಕಷ್ಟ ಎಂಬುದು ಕರಾವಳಿಯ ಹೈನುಗಾರರಿಗೆ ಗೊತ್ತೇ ಇದೆ.

ಮಗಳ ಶಾಲೆಯ ಕ್ಯಾಂಟೀನಿಗೆ 2020ರಲ್ಲಿ ಹೊರಡಿಸಿದ ಶಾಲಾ ಮಕ್ಕಳ ಸುರಕ್ಷಿತ ಆಹಾರದ ನಿಯಮಾವಳಿ ಅನ್ವಯಿಸುತ್ತದೆ. ಕೊಬ್ಬು, ಉಪ್ಪು ಅಥವಾ ಸಕ್ಕರೆ ಹೆಚ್ಚಿರುವ ಆಹಾರವನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಶಾಲೆಯೇ ಆಹಾರ ಮಾರುತ್ತಿದ್ದರೆ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಬಾಟಲಿಯ ಬಾದಾಮಿ ಹಾಲು ಕಾನೂನಿನಲ್ಲಿ ಸುವಾಸಿತ ಹಾಲು ಎಂಬ ಬೇರೆಯೇ ವರ್ಗ, ಅದರ ಚೀಟಿಯಲ್ಲಿ ಸೇರಿಸಿದ ಸಕ್ಕರೆಯ ಪ್ರಮಾಣ ಇರುತ್ತದೆ. ಅದನ್ನು ಓದಿ ತೀರ್ಮಾನಿಸಿ.

ದೂರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಣ ಕೊಟ್ಟು ಕೊಂಡವರು ತಾವೇ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು ಆಹಾರ ಸುರಕ್ಷತಾ ಕಾಯ್ದೆಯ 40ನೆಯ ಕಲಂ ಕೊಟ್ಟಿದೆ. ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಬೇಕು, ಶುಲ್ಕ ಕಟ್ಟಬೇಕು, ತಪ್ಪು ಕಂಡರೆ ಶುಲ್ಕ ವಾಪಸು ಬರುತ್ತದೆ. ಮಗಳ ಬಾದಾಮಿ ಹಾಲಿಗೆ ಈ ದಾರಿ ತೆರೆದಿದೆ. ಮಗನ ಉಚಿತ ಹಾಲಿಗೆ ತಾವು ಖರೀದಿದಾರರಲ್ಲ, ಗ್ರಾಹಕರ ವೇದಿಕೆಗೆ ಹೋದರೂ ಹಣ ಕೊಟ್ಟಿಲ್ಲ ಎಂಬ ಆಕ್ಷೇಪ ಎದುರಾಗುತ್ತದೆ. ಆದ್ದರಿಂದ ಗುಣಮಟ್ಟದ ದೂರನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೆ ಲಿಖಿತವಾಗಿ ಕೊಡಿ. ಮಾದರಿ ತೆಗೆಯುವ ಅಧಿಕಾರ ಆಹಾರ ಸುರಕ್ಷತಾಧಿಕಾರಿಗಳಿಗಿದೆ. ಅವರು ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ, ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ಸಂಶಯ ಬಂದ ಪ್ಯಾಕೆಟನ್ನು ಸಿಟ್ಟಿನಲ್ಲಿ ಎಸೆಯಬೇಡಿ. ಬಾಯಿ ಬಿಗಿದು ಬೇರೆ ಇಟ್ಟು, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕ, ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಇವುಗಳ ಫೋಟೊ ತೆಗೆದಿಡಿ. ಅದೇ ಬ್ಯಾಚಿನ ಒಡೆಯದ ಪ್ಯಾಕೆಟ್ ಇದ್ದರೆ ಅದನ್ನೂ ಇಟ್ಟಿರಿ; ತೆರೆದ ಪ್ಯಾಕೆಟಿನಲ್ಲಿ ಕಂಡ ದೋಷ ತಯಾರಿಯದೋ ದಾಸ್ತಾನಿನದೋ ಎಂಬುದು ಅದರಿಂದಷ್ಟೇ ಇತ್ಯರ್ಥವಾದೀತು. ಪುಡಿಯ ಪ್ರಮಾಣದ, ಸರಬರಾಜಿನ ದೂರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮತ್ತು ತಾಲೂಕಿನ ಅಕ್ಷರ ದಾಸೋಹದ ಅಧಿಕಾರಿಗಳಿಗೆ ಹೋಗಬೇಕು. ಊಟದ್ದೇ ದೂರಾದರೆ ಆಹಾರ ಭದ್ರತಾ ಕಾಯ್ದೆಯಡಿಯ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ. ಮೂರನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಮೂರು ಕಚೇರಿಯವರೂ ಅದು ತಮ್ಮದಲ್ಲ ಎಂದು ಮುಂದಕ್ಕೆ ದಾಟಿಸುವುದೇ ಹೆಚ್ಚು.

ಕೊನೆಯದಾಗಿ ಮಗನ ಹೊಟ್ಟೆನೋವು. ಹಾಲು ಕುಡಿಯಲೇಬೇಕೆಂದು ಮಗುವನ್ನು ಒತ್ತಾಯಿಸಲು ಯಾವ ಕಾಯ್ದೆಯಲ್ಲೂ ಅವಕಾಶವಿಲ್ಲ. ಯೋಜನೆಯ ಹೊಣೆ ಕೊಡುವವರ ಮೇಲಿದೆ, ಕುಡಿಯುವವರ ಮೇಲಿಲ್ಲ. ಹಾಲು ಬಿಟ್ಟ ಕಾರಣಕ್ಕೆ ಊಟದ ಹಕ್ಕಿಗೂ ಬಾಧೆಯಿಲ್ಲ. ಆದರೆ ಕಾರಣವನ್ನು ಲ್ಯಾಕ್ಟೋಸ್ ಎಂದು ತಾವೇ ನಿರ್ಧರಿಸಿಬಿಡಬೇಡಿ. 18 ಗ್ರಾಂ ಪುಡಿಯಲ್ಲಿ ಸುಮಾರು ಏಳು ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದನ್ನು ಅರಗಿಸಿಕೊಳ್ಳಲಾರದವರಲ್ಲೂ ಹೆಚ್ಚಿನವರು ಒಂದು ಬಾರಿಗೆ 12 ಗ್ರಾಂವರೆಗೆ ತಾಳಿಕೊಳ್ಳುತ್ತಾರೆ. ಬೆಳಗ್ಗೆ ಏನೂ ತಿನ್ನದೆ ಓಡಿಹೋಗಿ ಖಾಲಿ ಹೊಟ್ಟೆಯಲ್ಲಿ ಸಿಹಿ ಹಾಲು ಕುಡಿಯುತ್ತಿದ್ದಾನೆಯೇ, ಮನೆಯ ಹಾಲಿಗೂ ಹೀಗೆಯೇ ಆಗುತ್ತದೆಯೇ, ತರಗತಿಯ ಬೇರೆ ಮಕ್ಕಳಿಗೂ ನೋವಿದೆಯೇ ಎಂದು ಒಂದು ವಾರ ಗಮನಿಸಿ. ಶಾಲೆಯ ಹಾಲಿಗೆ ಮಾತ್ರ, ಹಲವರಿಗೆ ಒಟ್ಟಿಗೆ ಆಗುತ್ತಿದ್ದರೆ ಮೇಲೆ ಹೇಳಿದ ತಣ್ಣೀರಿನ ಚೆಂಬನ್ನು ಹುಡುಕಿ. ಮೈಮೇಲೆ ದದ್ದು, ವಾಂತಿ, ಉಸಿರಾಟದಲ್ಲಿ ಸುಂಯ್‌ಗುಟ್ಟುವಿಕೆ ಇದ್ದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿಯಿರಬಹುದು. ಆಗ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಅವರ ಚೀಟಿಯ ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೂ ಅಡುಗೆಯವರಿಗೂ ಕೊಡಿ. ರಾಗಿ ಮಾಲ್ಟ್ ಕೊಡುವ ಮೂರು ದಿನವೂ ಅದರಲ್ಲಿ ಇದೇ ಹಾಲು ಇರುತ್ತದೆ ಎಂಬುದನ್ನು ಆ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಹಾಲು ಬೇಡ ಎಂದ ಮಗುವಿಗೆ ಮಾಲ್ಟ್ ಆದರೂ ಕುಡಿ ಎನ್ನುವವರು ಇದ್ದೇ ಇರುತ್ತಾರೆ.